ಕೂಸು ಮಲಗುವ ಹೊತ್ತು

ಗಡಿಯಾಚೆ, ಮರಾಠಿ ಸೀಮೆಯ ನಿಲಂಗಾ ತಾಲ್ಲೂಕಿನಲ್ಲಿ, ಕಾಸಾರಶಿರಸಿಗೆ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರು, ಊರವರು ಕರೆಯುವುದು ‘ಬಾಯಿ’ ಎಂದು. ಮಕ್ಕಳನ್ನು ಮಧ್ಯಾಹ್ನ ಸುಲಭವಾಗಿ ಮಲಗಿಸುವುದು ಹೇಗೆಂದು ತಾಯಂದಿರಿಗೆ ಹೇಳಿಕೊಡುವುದೂ ನನ್ನ ಕೆಲಸವೇ. ದಿನಾ ಅದೇ ಹೊತ್ತು, ಅದೇ ಜಾಗ, ಅದೇ ಸದ್ದು ಇರಲಿ ಎನ್ನುತ್ತೇನೆ. ಇಷ್ಟು ಸರಳ ಮಾತನ್ನು ನಮ್ಮವರು ಹೇಗೆ ನಡೆಸುತ್ತಾರೆ ಎಂಬುದನ್ನು ನೆನೆದು ಒಬ್ಬಳೇ ಕೂತು ನಗುತ್ತೇನೆ.

ಟ್ರ್ಯಾಕ್ಟರ್ ಜೋಗುಳ

ತುರೋರಿಗೆ ಕೊಟ್ಟ ಹೆಣ್ಣುಮಗಳೊಬ್ಬಳು ಕೂಸಿನ ಜೊತೆ ತವರಿಗೆ ಬಂದಿದ್ದಳು. ಅವಳ ಗಂಡನ ಮನೆ ಹೆದ್ದಾರಿಗೆ ಅಂಟಿಕೊಂಡೇ ಇದೆ. ಲಾರಿ ಸದ್ದಿನಲ್ಲಿ ಬೆಳೆದ ಕೂಸು ನಮ್ಮೂರಿನಲ್ಲಿ ಕಣ್ಣು ಮುಚ್ಚಲೇ ಒಲ್ಲದು. ಅದೇ ಸದ್ದು ಇರಬೇಕೆಂದು ನಾನು ಹೇಳಿದ್ದು ಕೂಸಿನ ಅಜ್ಜನ ಕಿವಿಗೆ ಬಿತ್ತು. ಮರುದಿನ ಊಟವಾದ ಮೇಲೆ ಅವರು ಟ್ರ್ಯಾಕ್ಟರನ್ನು ಕಿಟಕಿಗೆ ಒತ್ತಿ ನಿಲ್ಲಿಸಿ ಚಾಲೂ ಮಾಡಿದರು. ಕೂಸು ಮಲಗಿತು, ಓಣಿಯೆಲ್ಲ ಎದ್ದು ಕೂತಿತು. "ಕಾಯ್ ಝಾಲಾ ಕಾಕಾ, ಏನಾಯ್ತು?" ಎಂದು ಜನ ಓಡಿಬಂದರು. ಅಜ್ಜ ಟ್ರ್ಯಾಕ್ಟರ್ ಮೇಲೆ ಕೂತೇ ತುಟಿಗೆ ಬೆರಳಿಟ್ಟು, "ಮೆಲ್ಲಕ ಮಾತಾಡ್ರಪಾ, ಕೂಸು ಮಲಗ್ಯದ" ಎಂದರು.

ಸ್ವಾಮಿಗಳ ಪಾಳಿ

ನಮ್ಮೂರಿನ ಮನೆಗಳಲ್ಲಿ ಪೂಜೆ ಮಾಡಿಸುವ ಜಂಗಮ ಸ್ವಾಮಿಗಳ ಸೊಸೆ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಸಾಸ್ತೂರಿನ ರೈತರೊಬ್ಬರ ಗೃಹಪ್ರವೇಶಕ್ಕೆ ಆ ಮನೆಯ ಹೆಂಗಸರ ಕುಬಸಗಳೆಲ್ಲ ಇವಳ ಕೈಗೆ ಬಂದಿದ್ದವು. ಪೂಜೆಯೂ ಅವಳ ಮಾವನದೇ. ಅವಳ ಕೂಸೋ ಮಧ್ಯಾಹ್ನ ಮಲಗದೆ ಮಷಿನ್ನಿನ ದಾರ ಎಳೆಯುತ್ತಿತ್ತು. ಕುಬಸ ಮುಗಿಯದಿದ್ದರೆ ಮಾವ ಸೊಸೆ ಇಬ್ಬರ ಮಾನವೂ ಒಟ್ಟಿಗೇ ಹೋಗುತ್ತದೆಂದು ಅವಳು ನನ್ನೆದುರು ಅಳುವುದೊಂದು ಬಾಕಿ. ಅವಳು ಹಾಡಿದರೆ ಕೂಸು ಎದ್ದು ಕುಣಿಯುತ್ತಿತ್ತು. ಅತ್ತೆ ಕಥೆ ಹೇಳಿದರೆ "ಮುಂದ?" ಎನ್ನುತ್ತಿತ್ತು.

ಕೊನೆಗೆ ಸ್ವಾಮಿಗಳೇ ಅದನ್ನು ಪಕ್ಕದಲ್ಲಿ ಹಾಕಿಕೊಂಡು, ಮೆಲ್ಲಗೆ ತಟ್ಟುತ್ತ ಪಂಚಾಕ್ಷರಿ ಜಪಿಸಿದರು. ಕೂಸು ಮಲಗಿಬಿಟ್ಟಿತು. ಅಂದಿನಿಂದ ಅದೇ ಹೊತ್ತು, ಅದೇ ಚಾಪೆ, ಅದೇ ಮಂತ್ರ. ಜೊತೆಗೆ ಸ್ವಾಮಿಗಳೂ ಒಂದು ನಿದ್ದೆ ತೆಗೆದು, ಎದ್ದ ಕೂಡಲೇ "ಕೂಸು ಮಲಗ್ತೇನವಾ?" ಎಂದು ಸೊಸೆಯನ್ನು ಕೇಳುವರು. ಕುಬಸಗಳು ಹೊತ್ತಿಗೆ ಸರಿಯಾಗಿ ಮುಗಿದವು, ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನಿಮ್ಮ ಜಪಕ್ಕೆ ಎಂಥ ಶಕ್ತಿ ಎಂದು ಸ್ವಾಮಿಗಳನ್ನು ಹೊಗಳಿದೆ. "ಇಷ್ಟು ವರ್ಷ ಜಪಾ ಮಾಡ್ದೆ ಬಾಯಿ, ದೇವರಂತೂ ಏಳಲಿಲ್ಲ. ಕೂಸಾದ್ರೂ ಮಲಗ್ತು" ಎಂದರು.

ಹೊಸ್ತಿಲಲ್ಲಿ

ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಮುಹೂರ್ತ ನಡುಮಧ್ಯಾಹ್ನಕ್ಕೆ. ಸ್ವಾಮಿಗಳು ಹೊಸ ಬಾಗಿಲಿಗೆ ಅಡ್ಡಲಾಗಿ ಮಣೆ ಹಾಕಿಸಿಕೊಂಡು, ಚೌಕಟ್ಟಿಗೆ ಬೆನ್ನು ಕೊಟ್ಟು ಕೂತರು. ಯಜಮಾನ ತುಂಬಿದ ಕೊಡ ಹೊತ್ತು, ಹೆಂಡತಿ ದೀಪ ಹಿಡಿದು ಹೊರಗೆ ನಿಂತರು. ಮಂತ್ರ ಮುಗಿದ ಮೇಲೆಯೇ ಒಳಗೆ ಕಾಲಿಡಬೇಕು. ಹಿಂದೆ ಹೊಸ ಕುಬಸದ ಹೆಂಗಸರು, ಅವರ ನಡುವೆ ಕೂಸನ್ನೆತ್ತಿಕೊಂಡ ಸೊಸೆ.

ಪಂಚಾಕ್ಷರಿ ಶುರುವಾಯಿತು. ಕೂಸು ತಾಯಿಯ ಹೆಗಲ ಮೇಲೆ ಮಲಗಿತು. ಸೊಸೆ ಹೆಮ್ಮೆಯಿಂದ ನನ್ನತ್ತ ನೋಡಿದಳು. ಅಷ್ಟರಲ್ಲಿ ಸ್ವಾಮಿಗಳ ಕೈ ತಮ್ಮ ತೊಡೆಯನ್ನೇ ಮೆಲ್ಲಗೆ ತಟ್ಟತೊಡಗಿತು. ದನಿ ಸಣ್ಣದಾಯಿತು, ಆಮೇಲೆ ಗೊರಕೆಯಾಯಿತು.

ಸ್ವಾಮಿಗಳನ್ನು ಮುಟ್ಟಿ ಎಬ್ಬಿಸುವವರು ಯಾರು? ದಾಟಿ ಹೋಗುವಂತೆಯೂ ಇಲ್ಲ. ಮುಹೂರ್ತ ಜಾರುತ್ತಿತ್ತು, ಯಜಮಾನನ ತಲೆ ಮೇಲಿನ ಕೊಡ ನಡುಗುತ್ತಿತ್ತು. ಸೊಸೆ ತಲೆ ಎತ್ತದೆ ನಿಂತಳು. ನಾನು ಕೆಮ್ಮಿದೆ, ಏನೂ ಆಗಲಿಲ್ಲ. ಕಡೆಗೆ ಕೊಡವೇ ತುಳುಕಿ ಸ್ವಾಮಿಗಳ ಮೇಲೆ ನೀರು ಬಿತ್ತು. ಅವರು ಕಣ್ಣು ಬಿಟ್ಟು, ಎದುರಿಗಿದ್ದ ಯಜಮಾನನ ಮುಖವನ್ನೇ ನೋಡುತ್ತ ಕೇಳಿದರು: "ಕೂಸು ಮಲಗ್ತೇನವಾ?"

ಹಿಂದಿನಿಂದ ಸೊಸೆ ಮೆತ್ತಗೆ ಹೇಳಿದಳು: "ಮಲಗ್ಯದ್ರಿ ಮಾವಾರ. ಇನ್ನ ಇವರಿಗಿ ಮನ್ಯಾಗ ಬಿಡ್ರಿ."