ಮೂರರಲ್ಲಿ ಒಂದು ಗೆದ್ದರೆ ಸಾಕು

ಕಳೆದ ವರ್ಷ ಡಿಸೆಂಬರಿನಲ್ಲಿ, ಹತ್ತಿ ಎರಡನೇ ಸಲ ಬಿಡಿಸುವ ವಾರದಲ್ಲಿ ಇದೆಲ್ಲ ನಡೆಯಿತು. ಹಾಕಿ ತಂಡ ಇರುವ ಊರಿನಲ್ಲಿ ವಾರಕ್ಕೊಂದು ನಗುವಂಥದ್ದು ಆಗುತ್ತಲೇ ಇರುತ್ತದೆ. ಆ ವಾರ ದಿನಕ್ಕೊಂದು ಆಯಿತು.

ನಮ್ಮೂರು ಆಂಧ್ರದ ಹಾಲಹರವಿ ಮಂಡಲದ ಅಂಚಿನಲ್ಲಿದೆ. ಕೊನೆಯ ಹೊಲ ದಾಟಿದರೆ ಬಳ್ಳಾರಿ ಜಿಲ್ಲೆ. ನಾನು ಬಿ.ಎಸ್ಸಿ. ಮುಗಿಸಿ ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹುಡುಗಿಯರ ತಂಡದ ಜೊತೆ ಒಬ್ಬ ಟೀಚರಮ್ಮ ಇರಲೇಬೇಕು ಎಂಬ ನಿಯಮದಿಂದಾಗಿ ಹಾಕಿ ತಂಡದ ಜೊತೆ ಹೋಗುವವಳೂ ನಾನೇ. ಆಟ ಕಲಿಸುವವರು ಪಿ.ಟಿ. ಸರ್. ಪಂದ್ಯಗಳ ಲೆಕ್ಕ ಬರೆದಿಡುವವಳು ನಾನು.

ಆ ಸಲ ಶಾಲೆಗಳ ಹಾಕಿ ಲೀಗಿನಲ್ಲಿ ನಮ್ಮ ತಂಡ ಹೇಗೋ ನಾಲ್ಕನೇ ಸ್ಥಾನಕ್ಕೆ ಬಂದಿತ್ತು. ಮೊದಲನೇ ಸ್ಥಾನದಲ್ಲಿ ಆದೋನಿಯ ತಂಡ. ನಾಲ್ಕನೆಯವರು ಮೊದಲನೆಯವರ ಜೊತೆ ಮೂರು ಪಂದ್ಯ ಆಡಬೇಕು, ಎರಡು ಗೆದ್ದವರು ಫೈನಲ್‌ಗೆ. ನಮ್ಮೂರಲ್ಲಿ ಎರಡರ ಮಾತನ್ನು ಯಾರೂ ಆಡಲಿಲ್ಲ. ಒಂದರ ಮಾತು ಎಲ್ಲರೂ ಆಡಿದರು. ಅದಕ್ಕೆ ಕಾರಣ ನಮ್ಮ ಗೋಲ್‌ಕೀಪರ್ ಹುಡುಗಿಯ ತಾತ.

ಅವರದು ಕುರಿ ಸಾಕುವ ಮನೆ. ತಾತನಿಗೆ ಮೊಣಕಾಲು ನೋವು. ಮುಂದಿನ ವರ್ಷದಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಕುರಿ ನೋಡಿಕೊಳ್ಳಬೇಕು ಅಂತ ಅವನ ಆಸೆ. ಸಂಜೆ ಕುರಿ ಅಂದರೆ ಸಂಜೆ ಹಾಕಿ ಇಲ್ಲ. ಆಕೆ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ತಾತ ಕಟ್ಟೆಯ ಮೇಲೆ ಕೂತು, ಎಲ್ಲರ ಮುಂದೆ ಹೇಳಿದ: "ಮೂರರಾಗ ಒಂದರ ಗೆದ್ದು ಬಾ. ಕುರಿ ನಾನಾ ಕಾಯ್ತೀನಿ, ನೀ ಆಡಕೊಂತ ಇರು. ಮೂರೂ ಸೋತ್ರ ಆಟ ಬಂದ್, ಕುರಿ ನಿನಗ. ಸರೇನಾ?"

"ಸರೇ ತಾತ," ಅಂದಳು ಆಕೆ. ಅವತ್ತು ಎರಡು ದಿನದ ಊಟ ಒಟ್ಟಿಗೆ ಮಾಡಿದಳು.

೧. ಕೋಷ್ಟಕದಲ್ಲಿ ಇಲ್ಲದ್ದು

ನಾನು ಒಂದು ಕೋಷ್ಟಕ ಮಾಡಿದೆ. ಆದೋನಿಯ ಜೊತೆ ಇದುವರೆಗೆ ಆಡಿದ್ದು ಎಂಟು ಪಂದ್ಯ. ಸೋತದ್ದು ಎಂಟು. ನಾವು ಹೊಡೆದ ಗೋಲು ಎರಡು, ಅವರು ಹೊಡೆದದ್ದು ಮೂವತ್ತೊಂದು.

ಹತ್ತಿ ಬಿಡಿಸಲು ಹೊರಟಿದ್ದ ಹೆಂಗಸರು ಬಸ್ ನಿಲ್ದಾಣದಲ್ಲಿ ನನ್ನನ್ನು ನಿಲ್ಲಿಸಿದರು. ಅವರ ಗುಂಪಿನ ಹಿರಿಯಳು ಕೇಳಿದಳು, "ಏನಾಗ್ತತಿ ಯವ್ವಾ ನಮ್ಮ ಹುಡುಗೇರದು? ನೀ ಓದಿದಾಕಿ, ಹೇಳು."

ನಾನು ಕೋಷ್ಟಕ ಓದಿದೆ. ಸುಳ್ಳು ಭರವಸೆ ಕೊಡುವುದು ನನಗೆ ಬರುವುದಿಲ್ಲ.

ಆಕೆ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾ ಪೂರ್ತಿ ಕೇಳಿದಳು. "ಎಂಟೂ ಅವರಾ ಗೆದ್ದಾರೇನು?"

"ಹೌದು."

"ಒಂದೂ ಬಿಟ್ಟಿಲ್ಲ?"

"ಇಲ್ಲ."

"ಅಯ್ಯೋ ಪಾಪ, ಎಷ್ಟು ದಣದಿರಬೇಕು ಆ ಹುಡುಗೇರು," ಅಂದಳು. "ನೀ ಬರೇ ನಮ್ಮ ಸೋಲು ಬರ್ಕೊಂಡಿ. ಅವರ ದಣಿವು ಯಾರು ಬರೀಬೇಕು?"

ಉಳಿದ ಹೆಂಗಸರು ಹೌದು ಹೌದು ಅಂದರು. ಬಸ್ ಬಂತು. ಗೆಲುವು ನಮ್ಮದೇ ಎಂದು ತೀರ್ಮಾನಿಸಿಕೊಂಡು ಎಲ್ಲರೂ ಹತ್ತಿದರು. ನಾನು ಅಲ್ಲೇ ನಿಂತು ಕೋಷ್ಟಕದಲ್ಲಿ ಇನ್ನೊಂದು ಗೆರೆ ಎಳೆದೆ.

೨. ನಂಬರ್ ಒನ್ ಹತ್ತಿ

ಗೋಲ್‌ಕೀಪರ್ ಕಾಲಿಗೆ ಕಟ್ಟುವ ಪ್ಯಾಡನ್ನು ಇಲಿ ಕಡಿದಿತ್ತು. ಆದೋನಿಯ ಹತ್ತಿ ಸಾಹುಕಾರರೊಬ್ಬರು ಸೋಮವಾರ ನಮ್ಮೂರಿಗೆ ಮಾಲು ನೋಡಲು ಬಂದವರು ಆಟದ ಬಯಲಿಗೂ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಎಸಳು ಹತ್ತಿ. ಪ್ಯಾಡಿನ ತೂತಿನಿಂದ ಒಳಗಿನದ್ದನ್ನು ಚೂರು ಎಳೆದು, ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆ ಎಷ್ಟು ಉದ್ದ ಎಂದು ನೋಡಿದರು. ಅವರಿಗೆ ಸಿಟ್ಟು ಬಂತು.

"ಇದು ಹತ್ತಿ ಏನ್ರಿ ಸಾರ್? ಇದು ಕಸ! ಹತ್ತಿ ಬೆಳೆಯೋ ಊರಿನ ಹುಡುಗಿ ಇಂಥಾದ್ದು ಕಟ್ಕೊಂಡು ನಿಂತರ ನೋಡಿದವರು ಏನಂದಾರು? ಆದೋನಿಯವರಾದ್ರೇನು ನಾವು, ನಮಗೂ ಮರ್ಯಾದಿ ಐತಿ."

ಎದುರಾಳಿ ತಂಡ ಅವರ ಊರಿನದೇ ಎಂಬುದು ಅವರಿಗೆ ಅಡ್ಡ ಬರಲಿಲ್ಲ. ಪ್ಯಾಡನ್ನು ಕಾರಿನಲ್ಲಿ ಹಾಕಿಕೊಂಡು ಹೋದರು. ತಮಗೆ ಗಾದಿ ಹೊಲಿಯುವವನಿಗೇ ಕೊಟ್ಟರು. ಆ ಮನುಷ್ಯ ಹುಟ್ಟಿದಾಗಿನಿಂದ ಗಾದಿ ಬಿಟ್ಟು ಬೇರೆ ಹೊಲಿದವನಲ್ಲ. ಮಧ್ಯಾಹ್ನ ಪಿ.ಟಿ. ಸರ್‌ಗೆ ಅವನ ಫೋನು: "ಸರ್, ಇದರಾಗ ತಲಿ ಕಡಿ ಯಾವುದು, ಕಾಲ ಕಡಿ ಯಾವುದು?"

"ಎರಡೂ ಕಾಲ ಕಡೇನಾ ಅಪ್ಪಾ," ಅಂದರು ಸರ್.

ಬುಧವಾರ ಪ್ಯಾಡು ಬಂತು. ಗೇಣು ದಪ್ಪ, ಹೂವಿನ ಬಟ್ಟೆ, ನಡುನಡುವೆ ಗುಂಡಿ ಹಾಕಿ ಬಿಗಿದ ಹೊಲಿಗೆ. ಚೆಂಡು ಬಡಿದರೆ ಸದ್ದೇ ಇಲ್ಲ. ಬಡಿದ ಜಾಗದಲ್ಲೇ ಕೆಳಗೆ ಬೀಳುತ್ತಿತ್ತು. ನಾನು ಹತ್ತು ಸಲ ಪರೀಕ್ಷಿಸಿದೆ. ಹತ್ತೂ ಸಲ ಹಾಗೇ. ಇಷ್ಟು ಒಳ್ಳೆಯ ಪ್ಯಾಡು ಜಿಲ್ಲೆಯಲ್ಲಿ ಯಾರ ಹತ್ತಿರವೂ ಇರಲಾರದು.

ತೊಂದರೆ ಒಂದೇ. ವಿರಾಮದಲ್ಲಿ ಹುಡುಗಿ ಪ್ಯಾಡು ಬಿಚ್ಚಿ ಅದರ ಮೇಲೆ ತಲೆ ಇಟ್ಟಳು. ಸರ್ ಮೂರು ಸಲ ಸೀಟಿ ಊದಿದರು. ಏಳಲಿಲ್ಲ. ಕೊನೆಗೆ ನೀರು ಚಿಮುಕಿಸಿದೆವು.

ಸರ್ ಸಂಕೋಚದಿಂದಲೇ ಸಾಹುಕಾರರಿಗೆ ಫೋನಿನಲ್ಲಿ ವಿಷಯ ತಿಳಿಸಿದರು. ಅವರ ದನಿ ತುಂಬಿ ಬಂತು. "ನಂಬರ್ ಒನ್ ಹತ್ತಿ ಅದು ಸಾರ್. ಆಕಿಗೆ ನಿದ್ದಿ ಬಂದಿಲ್ಲಂತ ನೀವು ಹೇಳಿದ್ರ ನಾ ಇವತ್ತು ಊಟ ಮಾಡ್ತಿದ್ದಿಲ್ಲ."

೩. ಹನ್ನೆರಡು ಅಡಿ

ಆಲೂರಿಗೆ ಹೋಗುವ ಷೇರ್ ಆಟೋದ ಡ್ರೈವರ್ ನಮ್ಮ ತಂಡದ ದೊಡ್ಡ ಅಭಿಮಾನಿ. ಹುಡುಗಿಯರನ್ನೂ ಅವರ ಸ್ಟಿಕ್ಕುಗಳನ್ನೂ ಎಷ್ಟೇ ಗದ್ದಲ ಇದ್ದರೂ ಹತ್ತಿಸಿಕೊಳ್ಳುತ್ತಾನೆ. ಗುರುವಾರ ನನ್ನ ಮುಖ ನೋಡಿ ಕೇಳಿದ, "ಅರೇ ಮೇಡಂ, ಕೈಕು ಫಿಕರ್? ಯಾಕ ಚಿಂತಿ, ಏನಾತ್ರಿ?"

"ನಮಗೆ ಬೀಳುವ ಗೋಲು ಜಾಸ್ತಿ," ಅಂದೆ.

"ಗೋಲು ಎಷ್ಟು ಅಗಲ ಐತಿ?"

"ಹನ್ನೆರಡು ಅಡಿ."

ಅವನು ಗಕ್ಕನೆ ಬ್ರೇಕು ಹಾಕಿದ. ಹಿಂದೆ ಕೂತವರೆಲ್ಲ ಮುಂದೆ ಬಂದರು. ಅವನು ಪೂರ್ತಿ ತಿರುಗಿ ನನ್ನನ್ನು ನೋಡಿದ.

"ಹನ್ನೆರಡು ಅಡಿ ಜಾಗ ಇಟ್ಕೊಂಡು ಒಬ್ಬಾಕಿನ್ನ ನಿಲ್ಲಿಸೀರೇನ್ರಿ?"

"ನಿಯಮ ಹಾಗಿದೆ."

"ಎಂಥಾ ನಿಯಮ ಮೇಡಂ! ನನ್ನ ಸೀಟು ನಾಕು ಅಡಿ ಐತಿ. ನೋಡ್ರಿ ಹಿಂದ."

ನೋಡಿದೆ. ಐದು ಹೆಂಗಸರು, ಎರಡು ಮಕ್ಕಳು, ಒಂದು ಮೂಟೆ ಶೇಂಗಾ. ನಡುವೆ ಗಾಳಿ ಆಡಲೂ ಜಾಗ ಇರಲಿಲ್ಲ.

"ಇದರಾಗ ಚೆಂಡು ಹೋಗ್ತತೇನು?" ಅಂದ.

ಹೋಗುವುದಿಲ್ಲ ಎಂದು ನಾನು ಒಪ್ಪಿಕೊಂಡೆ.

೪. ಸೋಡಿಯಂ

ನಮ್ಮ ಕಡೆ ಆಟದಲ್ಲಿ ಗುಟ್ಟು ಇಡುವುದು ಕಷ್ಟ. ಕನ್ನಡದಲ್ಲಿ ಕೂಗಿದರೆ ಆದೋನಿಯವರಿಗೆ ಗೊತ್ತಾಗುತ್ತದೆ. ತೆಲುಗಿನಲ್ಲಿ ಕೂಗಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಅದಕ್ಕೆ ಪಿ.ಟಿ. ಸರ್ ನನ್ನನ್ನು ಕೇಳಿದರು, "ನಿಮ್ಮ ಸೈನ್ಸಿನಾಗ ಏನರ ಐತೇನ್ರಿ ಮೇಡಂ?"

ಇತ್ತು. ಸೋಡಿಯಂ ಅಂದರೆ ಎಡಕ್ಕೆ. ಪೊಟ್ಯಾಸಿಯಂ ಅಂದರೆ ಬಲಕ್ಕೆ. ಆರ್ಗಾನ್ ಅಂದರೆ ಯಾರೂ ಕದಲಬಾರದು. ಹುಡುಗಿಯರು ಹತ್ತು ನಿಮಿಷದಲ್ಲಿ ಕಲಿತರು. ಎದುರಿಗೆ ಚಿಕ್ಕ ತರಗತಿಯ ಹುಡುಗರನ್ನು ನಿಲ್ಲಿಸಿ ಆಡಿಸಿದೆವು. ನಾನು ಗೆರೆಯ ಪಕ್ಕ ನಿಂತಿದ್ದೆ. ಚೆಂಡು ಬಂತು. ನಾನು ಜೋರಾಗಿ ಕೂಗಿದೆ: "ಸೋಡಿಯಂ!"

ಹನ್ನೊಂದು ಜನ ಆಟ ನಿಲ್ಲಿಸಿ, ಕೈ ಕಟ್ಟಿಕೊಂಡು, ನನ್ನ ಕಡೆ ತಿರುಗಿ ಒಟ್ಟಿಗೆ ಹೇಳಿದರು: "ಪರಮಾಣು ಸಂಖ್ಯೆ ಹನ್ನೊಂದು, ಮೇಡಂ!"

ಅಷ್ಟರಲ್ಲಿ ಗೋಲು ಆಗಿತ್ತು. ಉತ್ತರ ಸರಿ ಇತ್ತು. ನನಗೆ ಬೈಯಲು ಆಗಲಿಲ್ಲ.

೫. ನುಣುಪು ನೆಲ

ನಮ್ಮ ಬಯಲು ಎರೆಮಣ್ಣಿನದು. ಡಿಸೆಂಬರಿನಲ್ಲಿ ಬಿರುಕು ಬಿಟ್ಟಿರುತ್ತದೆ. ಹೊಡೆದ ಚೆಂಡು ಎರಡು ಬಿರುಕು ದಾಟಿ ಮೂರನೆಯದರಲ್ಲಿ ದಿಕ್ಕು ಬದಲಿಸುತ್ತದೆ. ನಮ್ಮ ಹುಡುಗಿಯರು ಅದನ್ನು ಅಲ್ಲೇ ಹಿಡಿಯುತ್ತಾರೆ. ಬೇರೆ ಯಾವ ತಂಡವೂ ಹೀಗೆ ಹಿಡಿದದ್ದನ್ನು ನಾನು ನೋಡಿಲ್ಲ.

ಶುಕ್ರವಾರ ಸಾಹುಕಾರರು ಆದೋನಿಯ ತಮ್ಮ ಜಿನ್ನಿಂಗ್ ಮಿಲ್ಲಿನ ಸಿಮೆಂಟ್ ಅಂಗಳವನ್ನು ಅಭ್ಯಾಸಕ್ಕೆ ಬಿಟ್ಟುಕೊಟ್ಟರು. ಕನ್ನಡಿಯಂಥ ನೆಲ. ಹುಡುಗಿಯರು ಹೊಡೆದರು. ಚೆಂಡು ನೆಟ್ಟಗೆ ಹೋಯಿತು. ಮತ್ತೆ ಹೊಡೆದರು. ಮತ್ತೆ ನೆಟ್ಟಗೆ. ಯಾರಿಗೂ ಚೆಂಡು ಸಿಗಲಿಲ್ಲ. ಎಲ್ಲರೂ ಅದು ತಿರುಗಬೇಕಾದ ಕಡೆ ಹೋಗಿ ನಿಂತಿದ್ದರು.

ತಂಡದ ನಾಯಕಿ ಬಂದು ದೂರು ಹೇಳಿದಳು: "ಮೇಡಂ, ಈ ನೆಲ ಕೆಟ್ಟೈತಿ."

೬. ತಾತನ ಕೂಗು

ಶನಿವಾರ ಆದೋನಿಯಲ್ಲಿ ಮೊದಲ ಪಂದ್ಯ. ಊರಿನಿಂದ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದರು. ತಾತ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗೆರೆಯ ಪಕ್ಕ ಎಲ್ಲರಿಗಿಂತ ಮುಂದೆ ನಿಂತ. ನಾನು ಕೇಳಿದೆ, "ತಾತ, ನಿನಗೆ ನಾವು ಸೋತರೆ ಅಲ್ಲವೇ ಲಾಭ?"

"ಹೌದು ಟೀಚರಮ್ಮ. ಸೋಲಲಿ ಅಂತಾನಾ ಬಂದೀನಿ," ಅಂದ.

ಐದನೇ ನಿಮಿಷಕ್ಕೆ ಮೊಮ್ಮಗಳು ಒಂದು ಹೊಡೆತವನ್ನು ಹೂವಿನ ಪ್ಯಾಡಿನಿಂದ ತಡೆದಳು. ತಾತ ಕಂಬಳಿ ಗಾಳಿಗೆ ತೂರಿದ. "ನಮ್ಮ ಕೂಸು! ನಮ್ಮ ಕೂಸು ಅದು!" ಆಮೇಲೆ ನನ್ನ ಕಡೆ ನೋಡಿ, ಕಂಬಳಿ ಎತ್ತಿ ಮತ್ತೆ ಹೆಗಲಿಗೆ ಹಾಕಿಕೊಂಡ. ಹೀಗೆ ಹನ್ನೊಂದು ಸಲ ಆಯಿತು. ಆಕೆ ಅಷ್ಟು ತಡೆದಳು. ಆ ಹುಡುಗಿ ನಿಂತ ರೀತಿ ನೋಡಿ ಎದುರಾಳಿಗಳ ಕಡೆಯವರೂ ಚಪ್ಪಾಳೆ ಹೊಡೆಯುತ್ತಿದ್ದರು.

ಮೂರನೇ ಭಾಗದಲ್ಲಿ ನಮ್ಮ ನಾಯಕಿ ಒಂದು ಗೋಲು ಹೊಡೆದಳು. ನಾವು ಒಂದು, ಅವರು ಸೊನ್ನೆ. ಹಾಗೇ ಕೊನೆಯ ಎರಡು ನಿಮಿಷಕ್ಕೆ ಬಂದೆವು.

ಅಲ್ಲಿ ನಮ್ಮವರಿಗೆ ಆಸೆ ಹುಟ್ಟಿತು. ಇನ್ನೊಂದು ಹೊಡೆಯೋಣ ಎಂದು ಹತ್ತೂ ಜನ ಮುಂದೆ ಓಡಿದರು. ಪಿ.ಟಿ. ಸರ್ "ಹಿಂದಕ ಬರ್ರಿ" ಎಂದು ಕನ್ನಡದಲ್ಲಿ ಕೂಗಿದರು, "ವೆನಕ್ಕಿ ರಂಡಿ" ಎಂದು ತೆಲುಗಿನಲ್ಲಿ ಕೂಗಿದರು. ನಾನು ಆರ್ಗಾನ್ ಎಂದೂ ಕೂಗಿದೆ. ಯಾರೂ ಕೇಳಲಿಲ್ಲ. ಅವರ ಒಬ್ಬ ಹುಡುಗಿ ಚೆಂಡು ಕಿತ್ತುಕೊಂಡು ನಮ್ಮ ಗೋಲಿನ ಕಡೆ ಹೊರಟಳು. ಹಿಂದೆ ಅವರ ಇನ್ನಿಬ್ಬರು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ.

ಆಗ ತಾತ ಕೂಗಿದ.

ಅದು ಮಾತಲ್ಲ. ಚದುರಿ ಮುಂದೆ ಹೋದ ಕುರಿಗಳನ್ನು ಹಿಂದಕ್ಕೆ ಕರೆಯಲು ನಮ್ಮ ಕಡೆ ಹಾಕುವ ಕೂಗು. ಗಂಟಲಿನಲ್ಲಿ ಶುರುವಾಗಿ ಶಿಳ್ಳೆಯಲ್ಲಿ ಮುಗಿಯುತ್ತದೆ. ಬರೆಯಲು ಅಕ್ಷರ ಇಲ್ಲ. ಮುಂದೆ ಓಡಿದ ಹತ್ತರಲ್ಲಿ ಏಳು ಹುಡುಗಿಯರು ಕುರಿ ಇರುವ ಮನೆಯವರು. ಹುಟ್ಟಿದಾಗಿನಿಂದ ಅದನ್ನು ಕೇಳಿದವರು. ಏಳೂ ಜನ ಯೋಚಿಸದೆ ಗಿರ್ರನೆ ತಿರುಗಿ ಹಿಂದಕ್ಕೆ ಓಡಿ ಬಂದರು.

ಅವರು ಬರುವಷ್ಟು ಹೊತ್ತು ಇರಲಿಲ್ಲ. ಬೇಕಾಗಲೂ ಇಲ್ಲ. ಚೆಂಡು ಹಿಡಿದಿದ್ದ ಆದೋನಿಯ ಹುಡುಗಿಯೂ ನಿಂತು, ತಿರುಗಿ, ಚೆಂಡಿನ ಸಮೇತ ತನ್ನ ಗೋಲಿನ ಕಡೆ ಹೊರಟಿದ್ದಳು. ಹತ್ತು ಹೆಜ್ಜೆ ಹೋದ ಮೇಲೆ ಆಕೆಗೆ ಎಚ್ಚರವಾಯಿತು. ಅಷ್ಟರಲ್ಲಿ ಕೊನೆಯ ಸೀಟಿ ಬಿತ್ತು.

ಆಮೇಲೆ ವಿಚಾರಿಸಿದೆ. ಆಕೆಯ ಅಜ್ಜಿಯ ಊರು ನಮ್ಮ ಪಕ್ಕದ ಚಿಪ್ಪಗಿರಿ ಕಡೆ. ಅವರ ಮನೆಯಲ್ಲೂ ಕುರಿ ಇವೆ.

ಆದೋನಿಯ ಕೋಚ್ ಅಂಪೈರ್ ಹತ್ತಿರ ಹೋದರು. ಅಂಪೈರ್ ನಿಯಮದ ಪುಸ್ತಕ ಹಿಂದಿನಿಂದ ಮುಂದಿನವರೆಗೆ ತಿರುವಿದರು. ಕುರಿಯ ವಿಷಯ ಎಲ್ಲೂ ಇರಲಿಲ್ಲ. ಫಲಿತಾಂಶ ಹಾಗೇ ಉಳಿಯಿತು.

ಊರಿನವರು ಗೋಲ್‌ಕೀಪರನ್ನು ಹೆಗಲ ಮೇಲೆ ಹೊತ್ತರು. ಇನ್ನೊಂದು ಹೆಗಲ ಮೇಲೆ ತಾತನನ್ನು ಹೊತ್ತರು. ಅವನು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಟ್ರ್ಯಾಕ್ಟರ್ ಹತ್ತಿರ ಇಳಿಸಿದಾಗ ಮೊಮ್ಮಗಳು ಓಡಿ ಬಂದು ಅವನ ಕಾಲು ಹಿಡಿದಳು. "ತಾತ, ನೀನಾ ಗೆಲ್ಸಿದಿ! ಮುಂದಿನ ವರ್ಷನೂ ನನಗ ಆಟ!"

ತಾತನ ಕೈ ಮೇಲೇ ಉಳಿಯಿತು. ಆಗ ಅವನಿಗೆ ಹೊಳೆಯಿತು.

"ಥೂ ಇದರ," ಅಂದ. "ಯಾರನ್ನ ಕೇಳಿ ಕೂಗಿದೆನೋ!"

ಉಳಿದ ಎರಡು ಪಂದ್ಯಗಳನ್ನು ನಾವು ಒಂದೊಂದು ಗೋಲಿನಿಂದ ಸೋತೆವು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಫೈನಲ್‌ಗೆ ಆದೋನಿ ಹೋಯಿತು.

ಈ ಜೂನ್‌ನಲ್ಲಿ ಶಾಲೆ ಶುರುವಾದ ದಿನ ಸಂಜೆ ಆಕೆ ಪ್ಯಾಡು ಕಟ್ಟಿಕೊಂಡು ಬಯಲಿಗೆ ಬಂದಳು. ಪಕ್ಕದ ದಾರಿಯಲ್ಲಿ ತಾತ ಕುಂಟುತ್ತಾ, ಬೈಯುತ್ತಾ, ನಡುನಡುವೆ ನಿಂತು ಆಟ ನೋಡುತ್ತಾ ಕುರಿ ಹೊಡೆದುಕೊಂಡು ಹೋದ. ನಾನು ಕುರಿ ಎಣಿಸಿದೆ. ತೊಂಬತ್ತಾರು.