ಮಗಳ ಸ್ಟೈಪೆಂಡಿಗೆ ನನ್ನ ತಿದ್ದುಪಡಿ

ಸೊಪ್ಪಿನವಳ ಜೊತೆ ಚೌಕಾಸಿ ಮಾಡುವವರೆಲ್ಲ ಗಟ್ಟಿ ಹೆಂಗಸರೆಂದು ದಯವಿಟ್ಟು ನಂಬಬೇಡಿ. ಪೋರೂರಿನ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಸೆಲ್ವಿ ನನ್ನನ್ನು ದೂರದಲ್ಲಿ ಕಂಡಕೂಡಲೇ, ಬೆಲೆ ಕೇಳುವ ಮೊದಲೇ, "ಕಟ್ಟುಪಡಿ ಆಗಾದುಕ್ಕಾ", ಗಿಟ್ಟೋದಿಲ್ಲಕ್ಕಾ, ಎಂದು ತಮಿಳಿನಲ್ಲಿ ಹೇಳಿ ಕೈಯಾಡಿಸಿಬಿಡುತ್ತಾಳೆ. ಆದರೆ ಇಂಗ್ಲಿಷಿನಲ್ಲಿ ಏನನ್ನಾದರೂ ಕೇಳಬೇಕಾಗಿ ಬಂದರೆ ನಾನು ಬೆಕ್ಕಿನ ಮರಿ. ಕಾನ್ವೆಂಟಿನ ಸಿಸ್ಟರುಗಳು ನೀರು ಕುಡಿದು ಬರುವುದಕ್ಕೂ ಎರಡು ಪ್ಲೀಸು, ಒಂದು ಥ್ಯಾಂಕ್ಯೂ ಕಲಿಸಿದ್ದರು.

ಮಗಳು ಅನಘಳಿಗೆ ಪಿಎಚ್‌ಡಿಗೆ ವಿದೇಶದ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತ್ತು. ಕೆರೆಗಳ ಮೇಲೆ ಕೆಲಸ ಮಾಡುವ, ಅವಳಿಗೆ ಇಷ್ಟವಾದ ಪ್ರೊಫೆಸರ್ ಕೊಡುವ ಸ್ಟೈಪೆಂಡು ಆ ಊರಿನ ಮನೆಬಾಡಿಗೆಗೇ ಸಾಲದು. ಇಷ್ಟವಿಲ್ಲದ ಕಡೆ ಧಾರಾಳ. ಅಲ್ಲಿ ಇಷ್ಟು ಕೊಡುತ್ತಾರೆ, ನೀವು ಸ್ವಲ್ಪ ಏರಿಸಿದರೆ ನಿಮ್ಮಲ್ಲಿಗೇ ಬರುತ್ತೇನೆ ಎಂದು ಆ ಪ್ರೊಫೆಸರಿಗೆ ಇಮೇಲಿನಲ್ಲಿ ಮೂರು ಸಾಲು ಬರೆದಿಟ್ಟು, ನೀರಿನ ಸ್ಯಾಂಪಲ್ ತರಲು ಕೆರೆಗೆ ಹೋದವಳು ಅಲ್ಲಿಂದ ಫೋನು ಮಾಡಿದಳು. "ಅಮ್ಮಾ, ಕೇಳೋಕೆ ಇವತ್ತೇ ಲಾಸ್ಟ್ ಡೇಟು, ಇಲ್ಲಿ ನೆಟ್ ಬರ್ತಿಲ್ಲ. ಸ್ಪೆಲ್ಲಿಂಗ್ ಮಾತ್ರ ನೋಡಿ ಕಳಿಸ್ಬಿಡು. ನಿನ್ ಇಂಗ್ಲಿಷ್ ಸೂಪರ್ ಅಲ್ವಾ?"

ಆ ಕೊನೆಯ ಮಾತೇ ನನ್ನನ್ನು ಕೆಡಿಸಿತು. ಅಷ್ಟು ದೊಡ್ಡವರಿಗೆ ಕುಶಲ ಕೇಳದೆ ಬರೆಯುವುದುಂಟೆ? ಕೇಳಿದೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೋರಿದೆ. ಇನ್ನೊಂದು ವಿಶ್ವವಿದ್ಯಾಲಯದ ಹೆಸರೆತ್ತಿದರೆ ಜಂಬವೆನ್ನಿಸೀತೆಂದು ಆ ಸಾಲನ್ನೇ ತೆಗೆದೆ. ಏರಿಸಲಾಗದಿದ್ದರೆ ಖಂಡಿತ ಬೇಸರಿಸಬೇಡಿ, ಕೊಟ್ಟದ್ದೇ ಹೆಚ್ಚು ಎಂದು ಮುಗಿಸಿ, ಕಾಮಾಗಳನ್ನೆಲ್ಲ ಸರಿಮಾಡಿ ಕಳಿಸಿ, ಹೆಮ್ಮೆಯಿಂದ ಒಂದು ಲೋಟ ಕಾಫಿಯನ್ನೂ ಕುಡಿದೆ.

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಉತ್ತರ ಬಂದಿತ್ತು. ನಮ್ಮ ಮೊತ್ತ ನಿಮಗೆ ಒಪ್ಪಿಗೆಯಾದದ್ದು ಸಂತೋಷ, ಇಷ್ಟು ಸೌಜನ್ಯದ ಪತ್ರವನ್ನು ನಾನು ಓದಿಯೇ ಇರಲಿಲ್ಲ, ಎಂದು.

ಅನಘ ನಾನು ಕಳಿಸಿದ್ದನ್ನು ಮೇಲಿಂದ ಕೆಳಗೆ ಓದಿದಳು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಎನ್ನಮ್ಮಾ ಇದು! ಇದ್ರಲ್ಲಿ ನಾನು ಕೇಳಿದ್ದೆಲ್ಲಿ?" ಎಂದು ಮೆಲ್ಲಗೆ ಅಂದಳು. ಕೆರೆಯ ಕೆಸರು ಇನ್ನೂ ಅವಳ ಉಗುರುಗಳಲ್ಲಿತ್ತು. ಮುಖ ನೋಡುವ ಧೈರ್ಯವಿಲ್ಲದೆ ನಾನು ಆ ಉಗುರುಗಳನ್ನೇ ನೋಡುತ್ತ ನಿಂತೆ.

ಅವಳೇ ಕೂತು ಮತ್ತೆ ಬರೆದಳು. ಹಿಂದಿನ ಪತ್ರ ನನ್ನ ತಾಯಿ ತಿದ್ದಿದ್ದು, ನನ್ನ ಪ್ರಶ್ನೆ ಇದು ಎಂದು ಹೇಳಿ ಅದೇ ಮೂರು ಸಾಲು. ನನ್ನ ಕೀರ್ತಿ ಸಮುದ್ರ ದಾಟಿದ್ದು ಅದೊಂದೇ ಸಲ. ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಐದನೆಯ ದಿನ, ಬಾಡಿಗೆಗೆ ಸಾಲುವಷ್ಟು ಏರಿಸಿದ್ದೇವೆ, ತಾಯಿಗೆ ನಮಸ್ಕಾರ ತಿಳಿಸಿ ಎಂದು ಪ್ರೊಫೆಸರ್ ಬರೆದರು.

ಆ ನಮಸ್ಕಾರವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮಗಳ ಹತ್ತಿರ ಹೋಗಿ, "ಅನೂ, ತಪ್ಪಾಯ್ತು ಕಣೇ, ಅವತ್ತು ಏನಾಯ್ತು ಅಂದ್ರೆ, ಮೊದಲನೇದಾಗಿ..." ಎಂದು ಶುರುಮಾಡಿದೆ.

"ಅಮ್ಮಾ, ಮೂರೇ ಸಾಲು."

ಮನಸ್ಸಿನಲ್ಲೇ ಎಣಿಸಿ ನೋಡಿದೆ. ಪೀಠಿಕೆಗೇ ಐದು ಬೇಕಿತ್ತು.