ಬೈಟು ಬಿಯರ್

ಊರಲ್ಲಿದ್ದಾಗ ನಾನು ಬಹಳ ಶಿಸ್ತಿನ ಮನುಷ್ಯ. ಬೆಳಿಗ್ಗೆ ಹಣೆಗೆ ವಿಭೂತಿ, ಪಾರ್ಕಿನಲ್ಲಿ ನಾಲ್ಕು ಸುತ್ತು, ಆಮೇಲೆ ಬನಶಂಕರಿಯ ದರ್ಶಿನಿಯಲ್ಲಿ ಗೆಳೆಯರೊಡನೆ ಬೈಟು ಕಾಫಿ. ಊರು ಬಿಟ್ಟರೆ ಮಾತ್ರ ಒಂದು ಚಪಲ. ಹೋದಲ್ಲಿನ ಅತ್ಯಂತ ಹಳೆಯ ಪಬ್ಬನ್ನು ಹುಡುಕಿ, ಆ ಊರಿನದೇ ಬಿಯರಿನ ರುಚಿ ನೋಡಬೇಕು. ಇದನ್ನು ನಾನು ಇತಿಹಾಸದ ಅಧ್ಯಯನ ಎನ್ನುತ್ತೇನೆ. ನನ್ನ ಹೆಂಡತಿ ಗಿರಿಜೆ ಇಟ್ಟಿರುವ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಹೋದ ವರ್ಷ ನಾವಿಬ್ಬರೂ ಇಂಗ್ಲೆಂಡಿಗೆ ಹೊರಟಾಗ ಎದುರಾದ ತೊಡಕು ವೀಸಾದ್ದಲ್ಲ, ನನ್ನ ಯೂರಿಕ್ ಆಸಿಡ್ಡಿನದು. ಜೆ.ಪಿ. ನಗರದ ನಮ್ಮ ಡಾಕ್ಟರು ರಿಪೋರ್ಟ್ ನೋಡಿ, "ಬಿಯರ್ ಪೂರ್ತಿ ಬಿಟ್ಬಿಡಿ ಸಾರ್, ಇಲ್ಲಾಂದ್ರೆ ಕಾಲಿನ ಹೆಬ್ಬೆರಳು ಊದಿಕೊಳ್ಳುತ್ತೆ" ಅಂದರು. ನನ್ನ ಮುಖ ಕಂಡು ಕನಿಕರ ಹುಟ್ಟಿತೇನೋ, "ತೀರಾ ಆಸೆ ಆದ್ರೆ ಅರ್ಧ ಲೋಟ" ಎಂದು ಸೇರಿಸಿದರು. ಆ ಅರ್ಧವನ್ನು ಗಿರಿಜೆ ಗಟ್ಟಿಯಾಗಿ ಹಿಡಿದುಕೊಂಡಳು. "ಪಬ್ಬಿನೊಳಗೆ ನಾನೂ ಬರ್ತೀನಿ. ಅರ್ಧದ ಮೇಲೆ ಒಂದು ಗುಟುಕೂ ಇಲ್ಲ" ಅಂದಳು.

ಮೊದಲ ಪಬ್ಬು ಸಿಕ್ಕಿದ್ದು ನದಿ ದಂಡೆಯ ಒಂದು ಪುಟ್ಟ ಊರಿನಲ್ಲಿ. ಮುನ್ನೂರು ವರ್ಷದ ಕಟ್ಟಡ, ಬಾಗಿಲಲ್ಲೇ ತಗ್ಗಿದ ತೊಲೆ. ಅದಕ್ಕೆ ಹಣೆ ಬಡಿದುಕೊಂಡೇ ನನ್ನ ಅಧ್ಯಯನ ಶುರುವಾಯಿತು. ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸಿಗೆ ಅಭ್ಯಾಸಬಲದಿಂದ, "ಒನ್ ಬಿಯರ್, ಬೈಟು" ಅಂದೆ. ಆಕೆ ಏನೇನೋ ವಿವರಿಸಿದರು, ನಾನೂ ವಿವರಿಸಿದೆ. ಕೊನೆಗೆ ಒಂದು ತುಂಬಿದ ಲೋಟ, ಒಂದು ಖಾಲಿ ಲೋಟ ಇಟ್ಟು ಕೈಕಟ್ಟಿ ನಿಂತರು. ಅಲ್ಲಿ ಅರ್ಧ ಅಳತೆಯ ಬಿಯರನ್ನೇ ಬೇರೆ ಲೋಟದಲ್ಲಿ ಮಾರುತ್ತಾರೆಂದು ನನಗೆ ತಿಳಿದದ್ದು ವಾಪಸ್ಸು ಬರುವ ವಿಮಾನದಲ್ಲಿ.

ಗಿರಿಜೆ ಕಣ್ಣಳತೆಯಲ್ಲಿ ಸಮನಾಗಿ ಹಂಚಿದಳು. ನನ್ನ ಪಾಲು ಎರಡು ನಿಮಿಷದಲ್ಲಿ ಮುಗಿಯಿತು. ಇನ್ನರ್ಧದ ಕಡೆ ನೋಡುತ್ತ, "ಪಾಪ, ವೇಸ್ಟ್ ಆಗುತ್ತಲ್ಲ" ಅಂದೆ. "ಯಾಕಾಗುತ್ತೆ?" ಎಂದವಳೇ ಮೂಗು ಹಿಡಿದು, ಕಷಾಯ ಕುಡಿಯುವಂತೆ ಕುಡಿದುಬಿಟ್ಟಳು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಎರಡನೆಯ ಊರಿನಲ್ಲಿ ಮೂಗು ಹಿಡಿಯಲಿಲ್ಲ. ಮೂರನೆಯದರಲ್ಲಿ, "ಇದು ಸುಟ್ಟ ಬೆಲ್ಲದ ಥರ ಇದೆ ರೀ, ನಿನ್ನೇದಕ್ಕಿಂತ ವಾಸಿ" ಅಂದಳು. ನಾಲ್ಕನೆಯದರಲ್ಲಿ ಅವಳ ಲೋಟದ ಬಿಯರು ನನ್ನದಕ್ಕಿಂತ ಎರಡು ಬೆರಳು ಮೇಲಿತ್ತು. ಕೇಳಿದರೆ, "ಬರೀ ನೊರೆ, ಇಳಿದ್ರೆ ಸಮ ಆಗುತ್ತೆ" ಎಂಬ ಸಮಜಾಯಿಷಿ. ನೊರೆ ಇಳಿಯುವಷ್ಟು ಹೊತ್ತು ಅವಳು ಕಾಯಲಿಲ್ಲ.

ಕೊನೆಯ ದಿನಕ್ಕೆಂದು ನಾನು ಕಾದಿರಿಸಿದ್ದು ಎಲ್ಲಕ್ಕಿಂತ ಹಳೆಯ ಪಬ್ಬು. ಆರು ತಿಂಗಳಿಂದ ಅದರ ಫೋಟೋ ನೋಡಿಕೊಂಡು ಬದುಕಿದ್ದೆ. ಅವತ್ತೇ ಬೆಳಿಗ್ಗೆ ಬಲಗಾಲಿನ ಹೆಬ್ಬೆರಳು ಟೊಮೇಟೊ ಹಣ್ಣಿನಂತೆ ಊದಿಕೊಂಡಿತು. ಕುಂಟುತ್ತ ಹೋಗಿ ಕುಳಿತೆ. ಗಿರಿಜೆ ಕೌಂಟರಿಗೆ ತಾನೇ ಹೋಗಿ ಒಂದು ತುಂಬಿದ ಲೋಟವನ್ನೂ, ನನಗೆ ನೀರನ್ನೂ ತಂದಳು. "ಒಂದೇ ಒಂದು ಗುಟುಕು" ಎಂದು ಬೇಡಿಕೊಂಡೆ. "ಇತಿಹಾಸ ನೋಡೋಕೆ ಬಂದಿದ್ದೀರಲ್ಲ, ಗೋಡೆ ನೋಡಿ" ಅಂದಳು. ನೋಡಿದೆ. ಬಹಳ ಹಳೆಯ ಗೋಡೆ.

ಪಾರ್ಕಿನ ಗೆಳೆಯರು ಈಗಲೂ ನನ್ನನ್ನು ನಡುವೆ ಕೂರಿಸಿಕೊಂಡು, ಅಷ್ಟು ಹಳೆಯ ಪಬ್ಬಿನ ಬಿಯರು ಹೇಗಿತ್ತೆಂದು ಬಾಯಲ್ಲಿ ನೀರೂರಿಸಿಕೊಂಡು ಕೇಳುತ್ತಾರೆ. ಸುಳ್ಳು ಹೇಳುವ ವಯಸ್ಸಲ್ಲ ನನ್ನದು. ಗಿರಿಜೆಗೆ ಬಹಳ ಹಿಡಿಸಿತು ಎನ್ನುತ್ತೇನೆ.